ಹಸಿರು ಗುಡ್ಡ ಬಂದ ಖಂಡೇನವಮಿ

ಈ ಸಲ ಖಂಡೇನವಮಿಗೆ ಫ್ರಿಜ್ಜಿಗೆ ಹಾಕಿದ್ದ ಚೆಂಡುಹೂವಿನ ಮಾಲೆ ಜಾರಿ ಅದರ ಹಿಂದೆ ಬಿದ್ದಿತ್ತು. ಯಾರೂ ನೋಡಿರಲಿಲ್ಲ. ಸಂಜೆಯ ಹೊತ್ತಿಗೆ ಹೂವು ಫ್ರಿಜ್ಜಿನ ಬೆನ್ನಿನ ಬಿಸಿಗೆ ಬೆಂದು, ಬೇಯಿಸಿದ ಸೊಪ್ಪಿನಂಥ ಕಹಿ ವಾಸನೆ ಮನೆ ತುಂಬಿತು. ಮೊಮ್ಮಗಳು ಮೂಗು ಹಿಡಿದುಕೊಂಡು, "ಅಜ್ಜೀ, ಒಳಗ ಏನೋ ಸತ್ತದ" ಎಂದಳು. ಏನೂ ಸತ್ತಿರಲಿಲ್ಲ. ಆ ವಾಸನೆ ನನಗೆ ಗೊತ್ತು. ಹಳೆಯ ಕಾಲದ ಪೆಟ್ಟಿಗೆಯಂಥ ಕಂಪ್ಯೂಟರಿನ ತಲೆಯ ಮೇಲೆ ಚೆಂಡುಹೂವು ಇಟ್ಟು, ಮಧ್ಯಾಹ್ನದಿಂದ ಸಂಜೆಯವರೆಗೆ ಅದನ್ನು ಚಾಲು ಇಟ್ಟರೆ ಇದೇ ವಾಸನೆ ಬರುತ್ತದೆ. ನಮ್ಮ ಮನೆಯಲ್ಲಿ ಒಮ್ಮೆ ಬಂದಿತ್ತು. ಅದೂ ಖಂಡೇನವಮಿಯ ದಿನ, ಆಯುಧಗಳಿಗೆಲ್ಲ ವಿಶ್ರಾಂತಿ ಕೊಡುವ ದಿನ. ಮೊಮ್ಮಗಳು ಆಗ ಹುಟ್ಟಿರಲಿಲ್ಲ. ಈಗ ಕಾಲೇಜಿಗೆ ಹೋಗುತ್ತಾಳೆ. ನನ್ನ ಸಿಟ್ಟು ಮಾತ್ರ ಇದ್ದಲ್ಲೇ ಇದೆ.

ಎರಡು ಸಾವಿರದ ಎರಡೋ ಮೂರೋ ಇರಬೇಕು. ನನಗೆ ಇಸವಿ ನೆನಪಿರುವುದಿಲ್ಲ, ಮಳೆ ನೆನಪಿರುತ್ತದೆ. ಆ ವರ್ಷ ನವರಾತ್ರಿ ಬಂದರೂ ಪುಣೆಯ ಮಳೆ ಹಿಂದೆ ಸರಿದಿರಲಿಲ್ಲ. ಬೆಳಿಗ್ಗೆ ಸುಡುವ ಬಿಸಿಲು, ಮಧ್ಯಾಹ್ನ ಗುಡುಗು, ಸಂಜೆಗೆ ಒಣಹಾಕಿದ ಬಟ್ಟೆ ಮತ್ತೆ ಒದ್ದೆ. ನಾವು ಆಗಲೂ ಈಗಿನ ಈ ಗುಲ್ಟೇಕಡಿಯ ಮನೆಯಲ್ಲೇ ಇದ್ದೆವು. ನಮ್ಮ ಯಜಮಾನರು ಜಮಖಂಡಿಯಿಂದ ಬಂದು ಇಲ್ಲಿ ಬೆಲ್ಲದ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆದು, ಇಲ್ಲಿಯೇ ತೀರಿಹೋದರು. ಮಗ ಬಸವರಾಜ ತಳೇಗಾಂವದ ಕಾರ್ಖಾನೆಯಲ್ಲಿ ಕ್ಲಾರ್ಕ್. ಸೊಸೆ ಗಿರಿಜಾ ಹೊರಗಿನ ಕೋಣೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಲಗ್ನಪತ್ರಿಕೆ ಮಾಡುತ್ತಿದ್ದಳು.

ಗಿರಿಜಾಗೆ ಮಾತು ಕಡಿಮೆ. ಮಾಡಿದ ಸಾರಿನಲ್ಲಿ ಉಪ್ಪೂ ಕಡಿಮೆ. ಆದರೆ ಆ ಕುರ್ಚಿಯಲ್ಲಿ ಕೂತರೆ ಬೇರೆ ಹೆಂಗಸೇ ಆಗುತ್ತಿದ್ದಳು. ಮದುವೆಗೆ ಮುಂಚೆ ಒಂದು ಪ್ರೆಸ್ಸಿನಲ್ಲಿ ಅಕ್ಷರ ಜೋಡಿಸುವ ಕೆಲಸದಲ್ಲಿದ್ದಳು. ಪ್ರೆಸ್ಸು ಮುಚ್ಚುವಾಗ ಮಾಲೀಕರು ಕಡೆಯ ಸಂಬಳದ ಬದಲು ಈ ಯಂತ್ರ ಕೊಟ್ಟು ಕಳಿಸಿದ್ದರು. ಅಂದರೆ ಯಂತ್ರ ಅವಳದು. ತವರಿನವರು ಕೊಟ್ಟದ್ದಲ್ಲ, ನನ್ನ ಮಗ ತಂದದ್ದೂ ಅಲ್ಲ. ಅದರೊಳಗಿನ ಕನ್ನಡದ ಪ್ರೋಗ್ರಾಮನ್ನು ಹುಬ್ಬಳ್ಳಿಯವನೊಬ್ಬ ಫ್ಲಾಪಿಗಳಲ್ಲಿ ಹಾಕಿ ಕೊಟ್ಟಿದ್ದ. ಅವನೂ ಆಮೇಲೆ ಅಂಗಡಿ ಮುಚ್ಚಿದ. ಪುಣೆಯ ಕನ್ನಡದ ಮಂದಿಯಲ್ಲಿ ಅವಳ ಪತ್ರಿಕೆಗಳಿಗೆ ಹೆಸರಿತ್ತು. ಬಸವಣ್ಣನ ಚಿತ್ರ, ಬಳ್ಳಿಯ ಅಂಚು, ಜೋಳದ ತೆನೆಯ ಅಂಚು, ಎಲ್ಲ ತಾನೇ ಕೂತು ಮಾಡಿ ಯಂತ್ರದೊಳಗೆ ಇಟ್ಟಿದ್ದಳು. ಬಟರ್ ಪೇಪರಿನ ಮೇಲೆ ಪ್ರಿಂಟ್ ತೆಗೆದು ಸ್ಕ್ರೀನ್ ಪ್ರಿಂಟಿಂಗಿನವನಿಗೆ ಕೊಡುವಳು. ಅಚ್ಚಾಗಿ ಬಂದ ಕಾರ್ಡು ಮಡಚುವ ಕೆಲಸ ನನ್ನದು. ಪ್ರತಿ ಕಾರ್ಡಿನ ಬುಡದಲ್ಲಿ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ "ಬಸವರಾಜ ಗ್ರಾಫಿಕ್ಸ್, ಪುಣೆ" ಎಂದು ಇರುತ್ತಿತ್ತು. ಗಂಡಸಿನ ಹೆಸರಿದ್ದರೆ ಮಂದಿ ನಂಬುತ್ತಾರೆ ಎಂದು ಮೊದಲ ದಿನ ಅವಳೇ ಹಾಕಿದ್ದು. ಬಸವರಾಜ ಅದರಲ್ಲಿ ಒಂದು ಅಕ್ಷರವನ್ನೂ ಜೋಡಿಸಿದವನಲ್ಲ. ಅವನು ಆ ಯಂತ್ರದಲ್ಲಿ ಹಾಡು ಕೇಳುತ್ತಿದ್ದ.

ಆ ಶ್ರಾವಣದಿಂದಲೇ ನಮ್ಮ ಕಟ್ಟೆಯ ಮೇಲೆ ಒಂದೇ ಮಾತು. ಹೊಸ ಸಿಸ್ಟಮ್ ಬಂದಿದೆಯಂತೆ, ಹಳೆಯದನ್ನು ತೆಗೆದು ಅದನ್ನು ಹಾಕಿಸಬೇಕಂತೆ. ಯಂತ್ರ ಅದೇ ಇರುತ್ತದೆ, ಒಳಗಿನ ಆಡಳಿತ ಬೇರೆ ಆಗುತ್ತದೆ ಎಂದು ಬಸವರಾಜ ನನಗೆ ತಿಳಿಸಿ ಹೇಳಿದ. ಅವನ ಕಾರ್ಖಾನೆಯಲ್ಲಿ ಎಲ್ಲ ಯಂತ್ರಗಳಿಗೂ ಹೊಸದು ಹಾಕಿದ್ದರು. ಮೇಲಿನ ಮನೆಯ ದೇಶಪಾಂಡೆ ಕಾಕಾ, ಬ್ಯಾಂಕಿನಿಂದ ರಿಟೈರ್ ಆದವರು, ಕಂಪ್ಯೂಟರಿನಲ್ಲಿ ಇಸ್ಪೀಟು ಬಿಟ್ಟರೆ ಬೇರೇನೂ ಆಡಿದವರಲ್ಲ. ಅವರೂ ತಮ್ಮದಕ್ಕೆ ಹೊಸದು ಹಾಕಿಸಿಕೊಂಡಿದ್ದರು. ಪರದೆಯ ತುಂಬ ಹಸಿರು ಗುಡ್ಡ, ನೀಲಿ ಆಕಾಶ, ಕಣ್ಣಿಗೆ ತಂಪು ಎಂದು ದಿನಾ ಬಂದು ಹೇಳುವರು. ಎದುರಿನ ಇಸ್ತ್ರಿಯವನಿಗೂ ಒಂದು ಅಭಿಪ್ರಾಯವಿತ್ತು. ಅವನು ಜೀವಮಾನದಲ್ಲಿ ಕಂಪ್ಯೂಟರ್ ಮುಟ್ಟಿರಲಿಲ್ಲ. ಅವನೂ ಹೊಸದೇ ಒಳ್ಳೆಯದು ಎಂದ.

ಇಷ್ಟು ಮಂದಿಯಲ್ಲಿ, ಆ ಯಂತ್ರದ ಮುಂದೆ ದಿನವೆಲ್ಲ ಕೂರುವವಳನ್ನು ಒಬ್ಬರೂ ಕೇಳಲಿಲ್ಲ. ಒಂದು ಸಂಜೆ ಅವಳೇ ಒಳಗಿನಿಂದ ಕೂಗಿ ಹೇಳಿದಳು.

"ಮೊದಲ ನನ್ನ ಕನ್ನಡ ಪ್ರೋಗ್ರಾಮ್ ಅದರಾಗ ನಡೀತದೋ ಇಲ್ಲೋ, ಅದನ್ನ ಕೇಳ್ರಿ."

"ಎಲ್ಲಾ ನಡೀತದ" ಎಂದ ಬಸವರಾಜ, ತಿರುಗಿ ಸಹ ನೋಡದೆ.

"ಯಾರು ಹೇಳ್ಯಾರ?"

"ಎಲ್ಲಾರೂ ಹೇಳ್ತಾರ."

ಆ ಎಲ್ಲರೂ ಯಾರು ಎಂದು ನಾನು ಕಟ್ಟೆ ನೋಡಿದೆ. ಇಸ್ಪೀಟಿನವರು, ಇಸ್ತ್ರಿಯವನು, ನನ್ನ ಮಗ.

ನವರಾತ್ರಿ ಕೂತ ಮೇಲೆ ಒಂದು ರವಿವಾರ ಮಲ್ಲವ್ವ ಬಂದಳು. ಯಾದಗಿರಿ ಕಡೆಯವಳು. ರಾಂಜಣಗಾಂವದಲ್ಲಿ ಕಾರ್ಖಾನೆಗಳ ಶೆಡ್ಡು ಕಟ್ಟುವ ಕಡೆ ಇಟ್ಟಿಗೆ ಹೊರುವ ಕೆಲಸ. ಗಂಡ ಸತ್ತು ಬಹಳ ಕಾಲವಾಗಿತ್ತು. ತುಳಸಿ ಲಗ್ನ ಮುಗಿದ ಕೂಡಲೇ ಊರಿನಲ್ಲಿ ಮಗಳ ಮದುವೆ. ಎಸ್‌ಟಿ ಬಸ್ಸಿನಲ್ಲಿ ನೆನೆದುಕೊಂಡು ಬಂದು, ಬಾಗಿಲಲ್ಲೇ ಸೀರೆಯ ಸೆರಗು ಹಿಂಡಿ, ನೆಲಕ್ಕೆ ಕೂತಳು.

"ಅಕ್ಕಾರ, ದೀಪಾವಳಿಗಿ ನಮ್ಮ ಮಂದಿ ಎಲ್ಲಾ ಊರಿಗಿ ಹೊಂಟಾರ್ರಿ. ಅವರ ಚೀಲದಾಗ ಕಾರ್ಡ್ ಹಾಕಿ ಕಳಸ್ತೀನ್ರಿ. ಒಬ್ಬೊಬ್ಬರು ಒಂದೊಂದ್ ಹಳ್ಳಿಗಿ ಮುಟ್ಟಸ್ತಾರ. ಅವರು ಹೋದ್ ಮ್ಯಾಲ ಕಾರ್ಡ್ ಆದ್ರ ನಾ ಯಾರ ಕೈಲೆ ಕಳಸ್ಲಿ?"

ಗಿರಿಜಾ ಹೆಸರುಗಳನ್ನು ಕೇಳಿ ಬರೆದುಕೊಂಡಳು. ಕರೆಯುವವರ ಹೆಸರು ಬಂದಾಗ, "ಯಾರ್ದು ಹಾಕ್ಲಿ? ಮೈದುನಂದೇನು?" ಎಂದು ಕೇಳಿದಳು. ಗಂಡನಿಲ್ಲದ ಮನೆಯಲ್ಲಿ ಮೈದುನನ ಹೆಸರು ಮೇಲೆ ಬರುವುದೇ ರೂಢಿ.

ಮಲ್ಲವ್ವ ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿದಳು. "ಅವನದ್ಯಾಕ್ರಿ? ಇಟ್ಟಂಗಿ ಹೊತ್ತಾಕಿ ನಾನು. ನನ್ನ ಹೆಸರ ಹಾಕ್ರಿ. ಮ್ಯಾಲೇ ಹಾಕ್ರಿ. ದೊಡ್ಡದ್ ಹಾಕ್ರಿ."

ಗಿರಿಜಾ ನಕ್ಕಳು. ಅವಳು ನಗುವುದು ಅಪರೂಪ. ಅಂದೇ ಕೂತು ಅರ್ಧ ಕಾರ್ಡು ಜೋಡಿಸಿಯೂ ಇಟ್ಟಳು, ಜೋಳದ ತೆನೆಯ ಅಂಚು ಹಾಕಿ.

ಖಂಡೇನವಮಿಯ ದಿನ ನಾವು ಈಳಿಗೆಯನ್ನು ಸಹ ಮುಟ್ಟುವುದಿಲ್ಲ. ಕಾಯಿಪಲ್ಲೆ ಹಿಂದಿನ ದಿನವೇ ಹೆಚ್ಚಿಟ್ಟಿರಬೇಕು. ಈಳಿಗೆ, ಕತ್ತರಿ, ಯಜಮಾನರ ಹಳೆಯ ತಕ್ಕಡಿ, ಬಸವರಾಜನ ಸ್ಕೂಟರ್, ಎಲ್ಲದಕ್ಕೂ ವಿಭೂತಿ, ಹೂವು. ಗಿರಿಜಾ ಕಂಪ್ಯೂಟರಿನ ಪರದೆ ಒರೆಸಿ, ಮೂರು ಬೆರಳಿನ ವಿಭೂತಿ ಎಳೆದು, ತಲೆಯ ಮೇಲೆ ಚೆಂಡುಹೂವಿನ ಮಾಲೆ ಇಟ್ಟಳು. ಎಡೆ ತೋರಿಸಿದಳು. ಮಧ್ಯಾಹ್ನ ಉಡಿ ತುಂಬಲು ಚತುಃಶೃಂಗಿ ಗುಡಿಗೆ ಹೋದಳು. ಅಲ್ಲಿಯ ಜಾತ್ರೆಯ ಸಾಲು ಗೊತ್ತಲ್ಲ, ಹೋದವಳು ಸಂಜೆಗೇ ಬರುವುದು. ನನಗೆ ಮಂಡಿನೋವು, ನಾನು ಹೋಗಲಿಲ್ಲ.

ಅವಳು ಅತ್ತ ಹೋದಳು, ಇತ್ತ ಬಸವರಾಜ ನಿತಿನ್ ಎಂಬವನನ್ನು ಕರೆದುಕೊಂಡು ಬಂದ. ಅವನ ಕಾರ್ಖಾನೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನು. ಕೈಯಲ್ಲಿ ಸಿಡಿ.

"ಇವತ್ತ ಹೆಂಗೂ ಯಂತ್ರ ಖಾಲಿ ಅದ ಅವ್ವಾ. ಗಿರಿಜಾ ಕೂಡೂದಿಲ್ಲ. ಅಕೀ ಬರೂದ್ರೊಳಗ ಹೊಸಾದು ಹಾಕಿ ಇಡ್ತೀವಿ. ದಸರಾಕ್ಕ ಅಕೀಗೆ ಸರ್‌ಪ್ರೈಸ್."

ನಾನು ಬಾಗಿಲಲ್ಲಿ ನಿಂತು ಹೇಳಿದೆ: "ಖಾಲಿ ಅಲ್ಲೋ ಬಸ್ಯಾ, ಪೂಜಿ ಆಗೇದ. ಇವತ್ತ ಅದನ್ನ ಮುಟ್ಟಬಾರ್ದು ಅಂತ ಅಕೀನ ಮುಟ್ಟಿಲ್ಲ. ನೀ ಯಾಂವ ಮುಟ್ಟಾಂವ? ಅಕೀ ಬರ್ಲಿ, ಅಕೀನ್ನ ಕೇಳು."

"ಕೇಳಿ ಮಾಡಿದ್ರ ಅದೆಂಥಾ ಸರ್‌ಪ್ರೈಸ್? ನಿನಗ ಇದೆಲ್ಲಾ ತಿಳಿಯೂದಿಲ್ಲ, ಸುಮ್ನಿರು."

ಮೂರನೆಯ ಇಯತ್ತೆ ಕಲಿತವಳು ನಾನು, ತಿಳಿಯುವುದಿಲ್ಲ ನಿಜ. ಆದರೆ ಒಲೆ ಯಾರದು, ಸಾರು ಯಾರದು ಎಂದು ತಿಳಿಯಲು ಇಯತ್ತೆ ಬೇಡ. ಆ ನಿತಿನ್ ವಿಭೂತಿಯನ್ನು ಕರವಸ್ತ್ರದಿಂದ ಒರೆಸಿ, ಮಾಲೆಯನ್ನು ಒಂದು ಬದಿಗೆ ತಳ್ಳಿ ಚಾಲು ಮಾಡಿದ. ಹೊರಗೆ ಗುಡುಗು, ಒಳಗೆ ಅವರಿಬ್ಬರ ಗುಸುಗುಸು. ಮೂರು ಸಲ ಚಹಾ ಕುಡಿದರು. ನಾನು ಮಾಡಿಕೊಡಲಿಲ್ಲ, ಬಸವರಾಜನೇ ಮಾಡಿದ. ಸಂಜೆಯ ಹೊತ್ತಿಗೆ ಆ ಬೆಂದ ಹೂವಿನ ವಾಸನೆ.

ಗಿರಿಜಾ ಬಂದಾಗ ಉಡಿಯಲ್ಲಿ ಅಕ್ಕಿ, ಕಾಯಿ. ಪರದೆಯ ಮೇಲೆ ದೇಶಪಾಂಡೆ ಕಾಕಾ ಹೇಳಿದ ಹಸಿರು ಗುಡ್ಡ. ಕಾಕಾ ಕೂಡ ಕೆಳಗಿಳಿದು ಬಂದು ಕುರ್ಚಿ ಹಾಕಿಕೊಂಡು ಕೂತಿದ್ದರು, ಮದುಮಗಳನ್ನು ನೋಡಲು ಬಂದವರ ಹಾಗೆ. ಬಸವರಾಜ ಹಲ್ಲು ಬಿಡುತ್ತಿದ್ದ.

ಅವಳು ಗುಡ್ಡ ನೋಡಲಿಲ್ಲ. ಉಡಿಯನ್ನು ದೇವರ ಮುಂದೆ ಬಿಚ್ಚಿ ಬಂದು, ನಿಂತುಕೊಂಡೇ ಮೌಸ್ ಹಿಡಿದು ಅಲ್ಲಿ ಇಲ್ಲಿ ಹುಡುಕಿದಳು.

"ನನ್ನ ಪ್ರೋಗ್ರಾಮ್ ಎಲ್ಲದ?"

ಹಳೆಯದನ್ನೆಲ್ಲ ಅಳಿಸಿಯೇ ಹೊಸದು ಹಾಕುವುದು ವಹಿನೀ, ಅದಕ್ಕೇ ಫಾರ್ಮ್ಯಾಟ್ ಮಾಡಿದೆ ಎಂದು ನಿತಿನ್ ಮರಾಠಿಯಲ್ಲಿ ಹೇಳಿದ. ಬೇಕಾದದ್ದನ್ನೆಲ್ಲ ಮೊದಲೇ ತೆಗೆದಿಟ್ಟಿದ್ದೇನೆ ಎಂದೂ ಹೇಳಿದ. ಏನು ತೆಗೆದಿಟ್ಟಿದ್ದ? ಬಸವರಾಜನ ಹಾಡುಗಳು. ನನ್ನ ಮಗಳ ಮದುವೆಯ ಫೋಟೋಗಳು. ಗಿರಿಜಾಳ ಕೆಲಸವೆಲ್ಲ ಆ ಹುಬ್ಬಳ್ಳಿಯವನ ಪ್ರೋಗ್ರಾಮಿನ ಒಳಗೆ ಇಟ್ಟದ್ದು. ಅದು ಹಳೆಯ ಕಸ ಎಂದು ತಿಳಿದು ಬಿಟ್ಟುಬಿಟ್ಟಿದ್ದ. ಬಸವಣ್ಣ ಹೋದ, ಬಳ್ಳಿ ಹೋಯಿತು, ಜೋಳದ ತೆನೆ ಹೋಯಿತು, ಮಲ್ಲವ್ವನ ಅರ್ಧ ಕಾರ್ಡೂ ಹೋಯಿತು. ಹಾಡು ಒಂದೂ ಹೋಗಲಿಲ್ಲ.

ಗಿರಿಜಾ ಅಳಲಿಲ್ಲ. ಅತ್ತಿದ್ದರೆ ನನ್ನ ಮಗ ಸಮಾಧಾನ ಮಾಡಿ ದೊಡ್ಡವನಾಗುತ್ತಿದ್ದ. ಅವಳು ಪರದೆಯ ಮೇಲಿನ ಬೆಂದ ಮಾಲೆ ತೆಗೆದು ಹೊರಗೆ ಎಸೆದು, ಅಡುಗೆಮನೆಗೆ ಹೋದಳು.

ಮರುದಿನ ದಸರಾ. ಬನ್ನಿ ಕೊಟ್ಟು ಬಂಗಾರದಂಗ ಇರೋಣ ಎನ್ನುವ ದಿನ. ಗಂಡ ಬನ್ನಿ ಕೊಡಲು ಬಂದಾಗ ಅವಳು ತೆಗೆದುಕೊಂಡಳು, ತಿರುಗಿ ಕೊಡಲಿಲ್ಲ. ಸೀರೆಯ ಟ್ರಂಕಿನಿಂದ ಫ್ಲಾಪಿಗಳನ್ನು ತೆಗೆದು ಯಂತ್ರಕ್ಕೆ ಹಾಕಿ ನೋಡಿದಳು. ಹೊಸ ಸಿಸ್ಟಮ್ ಆ ಹಳೆಯ ಪ್ರೋಗ್ರಾಮನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಎಷ್ಟು ಸಲ ಹಾಕಿದರೂ ಟಣ್ ಎಂದು ಸಪ್ಪಳ ಮಾಡಿ ನಿಲ್ಲುವುದು. ಮರಾಠಿಯ ಹೊಸ ಪ್ರೋಗ್ರಾಮನ್ನು ನಿತಿನ್ ಹಾಕಿಕೊಟ್ಟಿದ್ದ, ಅದು ಸರಾಗವಾಗಿ ನಡೆಯಿತು. ಕನ್ನಡದ್ದು ಎಲ್ಲಿ ಸಿಗುತ್ತದೆ ಎಂದರೆ ಅವನು ಹೆಗಲು ಕುಣಿಸಿದ. ಹಳೆಯ ಸಿಸ್ಟಮ್ಮನ್ನಾದರೂ ತಿರುಗಿ ಹಾಕು ಎಂದರೆ, ಅದರ ಸಿಡಿಯನ್ನು ಕಂಪನಿಯಲ್ಲಿ ಯಾವಾಗಲೋ ಎಸೆದಿದ್ದಾರೆ, ಈಗ ಯಾರು ಹಿಂದಕ್ಕೆ ಹೋಗುತ್ತಾರೆ ಎಂದು ನಕ್ಕ.

ಮುಂದಿನ ರವಿವಾರ ಮಲ್ಲವ್ವ ಕಾರ್ಡಿನ ನಮೂನೆ ನೋಡಲು ಬಂದಳು. ನಮೂನೆ ಇರಲಿಲ್ಲ. ಗಿರಿಜಾ ಬಾಯಿ ತೆರೆಯುವ ಮೊದಲೇ ಬಸವರಾಜ ಹೇಳಿದ:

"ಮಲ್ಲವ್ವ, ಮರಾಠಿಯೊಳಗ ಛಲೋ ಕಾರ್ಡ್ ಮಾಡಿಕೊಡ್ತಾಳ. ಬಣ್ಣದ್ದು. ಪುಣೆದಾಗ ಇದ್ದು ಕನ್ನಡ ಯಾಕ ಬೇಕು? ಯಾರು ಓದ್ತಾರ?"

ಮಲ್ಲವ್ವ ಅವನನ್ನು ಮೇಲಿನಿಂದ ಕೆಳಗೆ ನೋಡಿದಳು. "ಸಾಹೇಬ್ರ, ಲಗ್ನ ಪುಣೆದಾಗ ಇಲ್ರಿ. ನಮ್ಮೂರಾಗ ಅದರಿ. ನನಗಂತೂ ಯಾವ್ದೂ ಓದ್ಲಾಕ ಬರಲ್ಲ. ನಮ್ಮಣ್ಣ ಗುಡಿ ಕಟ್ಟಿಮ್ಯಾಗ ನಿಂತು ಓದಿ ಹೇಳ್ತಾನ. ಮರಾಠಿ ಕಾರ್ಡ್ ಹೋದ್ರ ಕೋರ್ಟಿನ ನೋಟೀಸ್ ಬಂತು ಅಂತ ಹೆದರಿ ಬಚ್ಚಿಡ್ತಾರ, ಲಗ್ನಕ್ಕ ಯಾರೂ ಬರಲ್ಲ."

ಆಗ ನನ್ನ ತಲೆ ಕೆಟ್ಟಿತು. ಕಾರ್ಡು ಮಡಚುವ ಜಾಗದಿಂದ ಎದ್ದೆ.

"ಕೇಳಿದೇನೋ ಬಸ್ಯಾ? ನಿನ್ನ ಕಂಪನಿಯಾಂವಗ ಹೊಸಾದು ಬೇಕು, ಮ್ಯಾಲಿನ ಕಾಕಾಗ ಗುಡ್ಡ ಬೇಕು, ಇಸ್ತ್ರಿಯಾಂವಗ ಮಾತು ಬೇಕು. ದುಡಿಯಾಕೀಗೆ ಏನ್ ಬೇಕು ಅಂತ ಒಬ್ಬರ ಬಾಯಾಗಾದ್ರೂ ಬಂತೇನು? ನಿನ್ನ ಹಾಡು ಉಳಸ್ಕೊಂಡಿ. ಅಕೀ ಅನ್ನ ಒರಸಿ ಹಾಕಿದಿ. ಮ್ಯಾಲೆ ಪೂಜಿ ಮಾಡಿದ ದಿನ!"

"ಅವ್ವಾ, ಮಂದಿ ಮುಂದ..."

"ಮಂದಿ ಮುಂದನ ಹಾಕಿಸಿದಿ, ಮಂದಿ ಮುಂದನ ಕೇಳು."

ಅವನು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ಮಲ್ಲವ್ವ ಮೆಲ್ಲಗೆ, "ಎವ್ವಾ, ನಾ ಮತ್ತ ಬ್ಯಾರೆ ಕಡಿ ನೋಡ್ಲೇನ್ರಿ?" ಎಂದಳು. ಗಿರಿಜಾ, "ಬ್ಯಾಡ. ಮುಂದಿನ ರವಿವಾರ ಬಾ. ಕಾರ್ಡ್ ತಗೊಂಡ ಹೋಗು" ಎಂದಳು. ಯಾವ ಧೈರ್ಯದಿಂದ ಹೇಳಿದಳೋ. ಮಲ್ಲವ್ವ ಹೋದ ಮೇಲೆ ನನ್ನ ಕಡೆ ತಿರುಗಿ, "ಅತ್ತೀ, ನಾಳೆ ನಿಮ್ಮ ಮಂಡಿ ನಡೀತಾವೇನು?" ಎಂದು ಕೇಳಿದಳು.

ಸೋಮವಾರ ಬಸವರಾಜ ತಳೇಗಾಂವಕ್ಕೆ ಹೋದ ಕೂಡಲೇ ಯಂತ್ರದ ಡಬ್ಬಿಯನ್ನು ಕೌದಿಯಲ್ಲಿ ಸುತ್ತಿ, ಆಟೋದಲ್ಲಿ ನಮ್ಮಿಬ್ಬರ ನಡುವೆ ಕೂರಿಸಿಕೊಂಡು ಬುಧವಾರ ಪೇಠೆಗೆ ಹೋದೆವು. ಅಲ್ಲಿ ಗಲ್ಲಿಯ ತುಂಬ ರೇಡಿಯೋ, ಕಂಪ್ಯೂಟರ್ ರಿಪೇರಿಯ ಅಂಗಡಿಗಳು. ಎರಡು ಅಂಗಡಿಯವರು ಹಳೆಯದು ಯಾಕೆ, ಹೊಸದೇ ಇರಲಿ ಎಂದು ಉಪದೇಶ ಮಾಡಿ ಕಳಿಸಿದರು. ಮೂರನೆಯವನು ಕೌದಿ ಬಿಚ್ಚಿ, ಚಾಲು ಮಾಡಿ ನೋಡಿ, ಇಷ್ಟು ಚೆನ್ನಾಗಿರುವ ಹೊಸದನ್ನು ತೆಗೆಯುವುದೇ ಎಂದು ಅನುಮಾನಪಟ್ಟು, ನನ್ನನ್ನು ಕೇಳಿದ: "ಕಾಕಾ ಕುಠೇ ಆಹೇತ? ತ್ಯಾಂನಾ ವಿಚಾರೂನ್ ಯಾ." ಕಾಕಾ, ಅಂದರೆ ನಮ್ಮ ಯಜಮಾನರು, ಎಲ್ಲಿ, ಅವರನ್ನು ಕೇಳಿಕೊಂಡು ಬನ್ನಿ ಎಂದು.

"ಕಾಕಾ ವರ್ ಗೇಲೇ" ಎಂದೆ, ಮೇಲೆ ಬೆರಳು ತೋರಿಸಿ. "ತುಮ್ಹೀಚ್ ಜಾವೂನ್ ವಿಚಾರೂನ್ ಯಾ." ಅವರು ಮೇಲೆ ಹೋಗಿದ್ದಾರೆ, ನೀವೇ ಹೋಗಿ ಕೇಳಿಕೊಂಡು ಬನ್ನಿ.

ಪಕ್ಕದ ಅಂಗಡಿಯವನು ಜೋರಾಗಿ ನಕ್ಕ. ಇವನು ಮುಖ ಸಣ್ಣದು ಮಾಡಿಕೊಂಡು ಡಬ್ಬಿ ಒಳಗೆ ಒಯ್ದ. ಹಳೆಯ ಸಿಡಿ ಅವನಲ್ಲಿತ್ತು. ಒಂದು ಫ್ಲಾಪಿಗೆ ಮಳೆಗಾಲದ ಬೂಜು ಹಿಡಿದಿತ್ತು. ಗಿರಿಜಾ ಅದರ ತಗಡಿನ ಬಾಗಿಲು ಸರಿಸಿ, ಒಳಗಿನ ಕರಿ ಹಾಳೆಯನ್ನು ಸೆರಗಿನಿಂದ ಮಗುವಿನ ಕಿವಿ ಒರೆಸಿದ ಹಾಗೆ ಒರೆಸಿದಳು. ಯಂತ್ರ ಅದನ್ನು ಕರಕರ ಎಂದು ಅಗಿಯಿತು. ಆಮೇಲೆ ಪರದೆಯ ಮೇಲೆ ಕನ್ನಡ ಬಂತು.

ಅಂಗಡಿಯವನು ಡಬ್ಬಿ ಮುಚ್ಚುತ್ತಾ ಒಂದು ಮಾತು ಹೇಳಿದ. ಎಷ್ಟೋ ವ್ಯಾಪಾರಿಗಳು ಹೀಗೇ ಸದ್ದಿಲ್ಲದೆ ಬಂದು ಹಳೆಯದನ್ನೇ ಹಾಕಿಸಿಕೊಂಡು ಹೋಗುತ್ತಾರಂತೆ. ಹೊರಗೆ ಮಾತ್ರ ಹೊಸದೇ ಚಂದ ಎನ್ನುತ್ತಾರಂತೆ. ಆ ಮಾತಿಗೆ ನನಗೆ ಇನ್ನಷ್ಟು ಸಿಟ್ಟು ಬಂತು. ನಮ್ಮ ಕಟ್ಟೆಗೆ ಬಂದು ಆ ಮಾತನ್ನು ಗಟ್ಟಿಯಾಗಿ ಹೇಳುವ ಗಂಡಸು ಒಬ್ಬನೂ ಇರಲಿಲ್ಲವಲ್ಲ.

ಪ್ರೋಗ್ರಾಮ್ ಬಂತು, ಅವಳು ಕೂಡಿಸಿಟ್ಟ ಕೆಲಸ ಬರಲಿಲ್ಲ. ಹೋದದ್ದು ಹೋಯಿತು. ಆ ವಾರವೆಲ್ಲ ಅವಳು ಹೊಸದಾಗಿ ಕೂತು ಜೋಳದ ತೆನೆ ಮಾಡಿದಳು. ಮೊದಲಿನಷ್ಟು ಚಂದ ಬರಲಿಲ್ಲ. ಕಾಳು ದಪ್ಪವಾದವು, ಸಜ್ಜೆಯೋ ಜೋಳವೋ ತಿಳಿಯದ ಹಾಗೆ. ಅಡುಗೆ ನಾನು ಮಾಡಿದೆ. ಬಸವರಾಜ ಬೂದು ಬಣ್ಣದ ಹಳೆಯ ಪರದೆ ನೋಡಿ ಮುಖ ಊದಿಸಿಕೊಂಡ. "ಅಕೀ ಸಂತೋಷಕ್ಕಂತ ಮಾಡಿದ್ದೆ" ಎಂದು ನನ್ನ ಹತ್ತಿರ ಹೇಳಿದ. ನಿಜವೇ ಇರಬೇಕು. ಹಾಗಿದ್ದರೂ ನನ್ನ ಸಿಟ್ಟು ಕಡಿಮೆಯಾಗಲಿಲ್ಲ. ದೇಶಪಾಂಡೆ ಕಾಕಾ ಬಂದು, ಅರೇ, ಗುಡ್ಡ ಎಲ್ಲಿ ಎಂದರು. ಪರ್ವತಿ ಗುಡ್ಡ ಇಲ್ಲೇ ಹತ್ತಿರದಲ್ಲಿದೆ, ಹತ್ತಿ ನೋಡಿಕೊಂಡು ಬನ್ನಿ ಎಂದೆ. ಅವರು ದೀಪಾವಳಿಯವರೆಗೆ ನಮ್ಮ ಕಟ್ಟೆಗೆ ಬರಲಿಲ್ಲ. ಬಹಳ ಆರಾಮವಾಗಿತ್ತು.

ಆ ರವಿವಾರ ಅಚ್ಚಾದ ಕಾರ್ಡುಗಳು ಬಂದವು. ಮಲ್ಲವ್ವ ಬೆಳಿಗ್ಗೆಯೇ ಬಂದು, ತನ್ನ ಹೆಸರು ಯಾವುದು ಎಂದು ಕೇಳಿ, ಗಿರಿಜಾ ತೋರಿಸಿದ ಕಡೆ ಬೆರಳಿಟ್ಟು ಬಹಳ ಹೊತ್ತು ಕೂತಳು. ಮೊದಲ ಕಾರ್ಡಿನ ಮೂಲೆಗಳಿಗೆ ಅರಿಶಿಣ ಹಚ್ಚಬೇಕು. ಗಿರಿಜಾ ಸ್ಕ್ರೀನ್ ಪ್ರಿಂಟಿಂಗಿನವನ ಜೊತೆ ಜಗಳದಲ್ಲಿದ್ದಳು, ಮನೆಯಲ್ಲಿ ಬೇರೆ ಮುತ್ತೈದೆ ಇಲ್ಲ. ನಾನೂ ಮಲ್ಲವ್ವನೂ ಇಬ್ಬರೂ ಗಂಡ ಸತ್ತವರು. ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. "ಹಚ್ಚೂಣೇನ್ರಿ?" ಎಂದಳು. ಹಚ್ಚಿದೆವು. ಏನೂ ಆಗಲಿಲ್ಲ. ಆ ಹುಡುಗಿ ಮಕ್ಕಳು ಮರಿ ಜೊತೆ ಸುಖವಾಗಿದ್ದಾಳೆ.

ಕಾರ್ಡಿನ ಕಟ್ಟುಗಳನ್ನು ಮಲ್ಲವ್ವ ತಲೆಯ ಮೇಲೆ ಹೊತ್ತುಕೊಂಡು ಬಸ್ಸಿಗೆ ಹೋದಳು. ನಾನು ಉಳಿದ ನಾಲ್ಕಾರು ಕಾರ್ಡು ಮಡಚುತ್ತಿದ್ದೆ. ಬಸವರಾಜ ಸ್ನಾನ ಮುಗಿಸಿ ಬಂದು ಒಂದನ್ನು ಎತ್ತಿಕೊಂಡ. ಹಿಂದೆ ಮುಂದೆ ತಿರುಗಿಸಿದ. ಆಮೇಲೆ ಬುಡವನ್ನು ಕಣ್ಣ ಹತ್ತಿರ ಹಿಡಿದ. ನಾನು ಅಷ್ಟು ಹೊತ್ತಿಗೆ ನೋಡಿಯಾಗಿತ್ತು. ಅಲ್ಲಿ ಇರುವೆಯಷ್ಟು ಸಣ್ಣ ಅಕ್ಷರ ಇರಲಿಲ್ಲ. ಕನ್ನಡಕವಿಲ್ಲದೆ ನಾನೂ ಓದುವಷ್ಟು ದಪ್ಪ ಅಕ್ಷರದಲ್ಲಿ "ಗಿರಿಜಾ ಅಕ್ಷರ ಜೋಡಣೆ, ಪುಣೆ" ಎಂದು ಇತ್ತು.

"ಗಿರಿಜಾ," ಎಂದ, "ಇಲ್ಲಿ ನನ್ನ ಹೆಸರಿತ್ತಲ್ಲ? ಎಲ್ಲಿ ಹೋತು?"

ಅವಳು ಕುರ್ಚಿಯಿಂದ ತಿರುಗಲಿಲ್ಲ. ಮುಂದಿನ ಪತ್ರಿಕೆಗೆ ಆಗಲೇ ಬಳ್ಳಿ ಎಳೆಯುತ್ತಿದ್ದಳು.

"ಹೊಸಾದು ಹಾಕೂ ಮುಂದ ಹಳೇದೆಲ್ಲಾ ಅಳಿಸಿ ಹೋಗ್ತದಂತ್ರಿ," ಎಂದಳು. "ನಿಮ್ಮ ನಿತಿನ್ನೇ ಹೇಳಿದ್ರಲ್ಲಾ."